ಮಡಿಕೇರಿ ದಸರಾದಲ್ಲಿ ಪೊಲೀಸ್ ಕ್ಯಾಮೆರಾದಲ್ಲಿ ಯಾರದ್ದಾದ್ರೂ ಮುಖ ಮ್ಯಾಚ್ ಆದ್ರೆ ಅಷ್ಟಕ್ಕೇ ಅರೆಸ್ಟ್ ಮಾಡ್ಬಹುದಾ?

ಮಾಡಬಾರ್ದು. ಆದ್ರೆ ಬೇಜಾರಿನ ವಿಷ್ಯ ಅಂದ್ರೆ ಅದನ್ನ ತಡೆಯೋಕೆ ಫೇಶಿಯಲ್ ರೆಕಗ್ನಿಷನ್‌ಗೇ (ಮುಖ ನೋಡಿ ಗುರುತು ಹಿಡಿಯೋ ತಂತ್ರಜ್ಞಾನ) ಅಂತ ಒಂದು ಕಾನೂನು ನಮ್ಮಲ್ಲಿ ಇನ್ನೂ ಇಲ್ಲ.

ಸಾಫ್ಟ್‌ವೇರ್ "ಇವನೇ ಅವನು" ಅಂತ ಹೇಳಲ್ಲ, ಪೊಲೀಸರು ಹುಡುಕ್ತಿರೋರ ಲಿಸ್ಟಲ್ಲಿರೋ ಫೋಟೋಗೆ ಈ ಮುಖ ಎಷ್ಟು ಹೋಲುತ್ತೆ ಅಂತ ಸ್ಕೋರ್ ಕೊಡುತ್ತೆ ಅಷ್ಟೆ, ಎಷ್ಟು ಬಂದ್ರೆ ಮ್ಯಾಚ್ ಅನ್ನೋದನ್ನ ಫಿಕ್ಸ್ ಮಾಡೋದು ಮನುಷ್ಯರೇ. ಈಗ ದಶಮಂಟಪಗಳ ಮೆರವಣಿಗೆ ನೋಡೋಕೆ ಬಂದ 50,000 ಜನರ ಮುಖ ಸ್ಕ್ಯಾನ್ ಆಯ್ತು ಅಂದ್ಕೊಳ್ಳಿ, ಸಾವಿರಕ್ಕೆ ಒಂದು ತಪ್ಪಾದ್ರೂ 50 ಜನ ಅಮಾಯಕರು ಸಿಕ್ಕಿಹಾಕ್ಕೊಳ್ತಾರೆ, ಅದೂ ರಾತ್ರಿ ಹೊತ್ತು, ಮಂಜು, ಮಂಟಪದ ಬಣ್ಣದ ಲೈಟೆಲ್ಲ ಮುಖದ ಮೇಲೇ ಬೀಳ್ತಿರುತ್ತೆ. ಹುಡುಕ್ತಿದ್ದ ಆಸಾಮಿ ಅವತ್ತು ಊರಿಗೇ ಬಂದಿಲ್ದೇ ಇರಬಹುದು!

ಅಮೆರಿಕದ ಡೆಟ್ರಾಯಿಟ್ ಪೊಲೀಸರು 2020ರಲ್ಲಿ ರಾಬರ್ಟ್ ವಿಲಿಯಮ್ಸ್ ಅನ್ನೋರನ್ನ ಇಂಥದ್ದೇ ತಪ್ಪು ಮ್ಯಾಚ್‌ನಿಂದ ಹೆಂಡ್ತಿ ಮಕ್ಕಳ ಎದುರೇ ಹಿಡ್ಕೊಂಡು ಹೋದ್ರು, ಕೇಸ್ ಹಾಕಿದ್ಮೇಲೆ 2024ರ ಒಪ್ಪಂದದಲ್ಲಿ ಬರೀ ಮ್ಯಾಚ್ ನಂಬಿ ಅರೆಸ್ಟ್ ಮಾಡೋ ಹಾಗಿಲ್ಲ ಅಂತ ಆಯ್ತು. ನಮ್ಮಲ್ಲಿ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನ ಮೂಲಭೂತ ಹಕ್ಕು ಅಂದಿದೆ, ಆದ್ರೆ ಜನರ ಡಿಜಿಟಲ್ ಮಾಹಿತಿ ಕಾಪಾಡೋಕೆ ಅಂತ ಬಂದ 2023ರ ಡೇಟಾ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ತನ್ನ ಏಜೆನ್ಸಿಗಳಿಗೆ ಆ ನಿಯಮಗಳಿಂದ ವಿನಾಯ್ತಿ ಕೊಡ್ಬಹುದು. ನನ್ನ ಪ್ರಕಾರ ಮ್ಯಾಚ್ ಅನ್ನೋದು ಬರೀ ಸುಳಿವು, ಬೇರೆ ಸಾಕ್ಷಿ ಸಿಗೋವರೆಗೂ ಯಾರನ್ನೂ ಸ್ಟೇಷನ್‌ಗೆ ಎಳ್ಕೊಂಡು ಹೋಗಬಾರ್ದು.