ಚುನಾವಣೆ ಹತ್ತಿರ ಬಂದಾಗ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ ಯಾಕೆ ಅಷ್ಟು ಬೇಗ ಹರಡುತ್ತದೆ?

ಕಳಿಸುವವರು ನಮಗೆ ಗೊತ್ತಿರುವವರು, ಅದಕ್ಕೇ. ಲೋಕಸಭಾ ಚುನಾವಣೆ ಹೊತ್ತಿಗೆ ಜಯನಗರದ ಅಪಾರ್ಟ್‌ಮೆಂಟ್ ಗ್ರೂಪಿಗೆ ಒಂದು ವಿಡಿಯೋ ಬಂತು ಅಂದುಕೊಳ್ಳಿ. ಮಾಡಿದವರು ಯಾರೋ, ಕಳಿಸಿದ್ದು ಮಾತ್ರ ಪಕ್ಕದ ಮನೆ ಆಂಟಿ. ನಾವು ನಂಬುವುದು ಆಂಟಿಯನ್ನು, ಅಲ್ವಾ? ಸಿಟ್ಟು, ಭಯ ಹುಟ್ಟಿಸುವಂಥದ್ದಾದರೆ ಯೋಚಿಸುವ ಮೊದಲೇ ಬೆರಳು ಫಾರ್ವರ್ಡ್ ಒತ್ತಿರುತ್ತದೆ. ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಸಂದೇಶ ಓದಲಾಗದ ವ್ಯವಸ್ಥೆ ಅಲ್ಲಿದೆ. ಹಾಗಾಗಿ ಕಂಪನಿಯೂ ಅದನ್ನು ಓದಿ ನಡುದಾರಿಯಲ್ಲಿ ತಡೆಯಲಾರದು.

ವದಂತಿಯನ್ನು ಹಗುರವಾಗಿ ನೋಡಬೇಡಿ. 2012ರ ಆಗಸ್ಟ್‌ನಲ್ಲಿ ಅದಕ್ಕೆ ಹೆದರಿಯೇ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ 5 ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದು ಬಂದರೆ ಆಂಟಿಗೆ ಸುಮ್ನೆ ಒಂದು ಮಾತು ಕೇಳಿ: "ಇದು ನಿಮಗೆ ಎಲ್ಲಿಂದ ಬಂತು?"