ಬೋಲ್ಟ್ ಬಿಚ್ಚಿದ್ರೂ ಆಲ್ಟರ್ನೇಟರ್ ಹೊರಗೆ ಬರ್ತಿಲ್ಲ

ಪ್ರಶ್ನೆ: ಸರ್, ಕಾರಿನ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ) ಮನೇಲೇ ಬದಲಾಯಿಸೋಣ ಅಂತ ಹೊರಟೆ. ಬೆಲ್ಟ್ ತೆಗೆದೆ, ಬೋಲ್ಟ್ ಎಲ್ಲಾ ಬಿಚ್ಚಿದೆ, ಆದ್ರೂ ಅದನ್ನ ಹಿಡಿದಿರೋ ಬ್ರಾಕೆಟ್‌ನಲ್ಲೇ ಕಚ್ಕೊಂಡು ಕೂತಿದೆ, ಮೇಲಿಂದ ಕೈ ಹಾಕೋಕೂ ಜಾಗ ಇಲ್ಲ. ಏನ್ ಮಾಡ್ಲಿ?

ಉತ್ತರ: ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದೀರಾ ನೋಡ್ಕೊಳಿ, ಯಾಕಂದ್ರೆ ಆಲ್ಟರ್ನೇಟರ್ ಹಿಂದಿನ ದಪ್ಪ ವೈರಲ್ಲಿ ಇಗ್ನಿಷನ್ ಆಫ್ ಇದ್ರೂ ಕರೆಂಟ್ ಇರತ್ತೆ, ಸ್ಪ್ಯಾನರ್ ಅದಕ್ಕೂ ಕಾರಿನ ಲೋಹದ ಭಾಗಕ್ಕೂ ಒಟ್ಟಿಗೆ ತಗುಲಿದ್ರೆ ಕಿಡಿ ಹಾರತ್ತೆ. ಇನ್ನು ಕಚ್ಕೊಂಡಿರೋದಕ್ಕೆ ಸಾಮಾನ್ಯವಾಗಿ ಕಾರಣ ಆಲ್ಟರ್ನೇಟರ್‌ನ ಬೋಲ್ಟ್ ತೂತಿನೊಳಗಿನ ಲೋಹದ ಬುಷ್ (ಚಿಕ್ಕ ಕೊಳವೆ), ಬೋಲ್ಟ್ ಟೈಟ್ ಮಾಡಿದಾಗ ಅದು ಸರಿದು ಬ್ರಾಕೆಟ್‌ನ ಅದುಮಿ ಹಿಡ್ಕೊಂಡಿರತ್ತೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಟ್ಟು, ಮರದ ತುಂಡು ಕೊಟ್ಟು ಆಕಡೆ ಈಕಡೆ ಮೀಟಿ. ಆಲ್ಟರ್ನೇಟರ್‌ನ ಅಲ್ಯೂಮಿನಿಯಂ ಮೈಗೆ ಸುತ್ತಿಗೆ ಏಟು ಬೇಡ, ಬಿರುಕು ಬಿಡತ್ತೆ. ಮೇಲಿಂದ ಬರದಿದ್ರೆ ಹಠ ಹಿಡೀಬೇಡಿ, ಎಷ್ಟೋ ಕಾರುಗಳಲ್ಲಿ ಬೆಲ್ಟ್ ಇರೋ ಕಡೆಯ ಚಕ್ರ, ಅದರೊಳಗಿನ ಪ್ಲಾಸ್ಟಿಕ್ ಕವರ್ ತೆಗೆದ್ರೆ ದಾರಿ ಸಿಗತ್ತೆ. ಆದ್ರೆ ಬರೀ ಜಾಕ್ ನಂಬ್ಕೊಂಡು ಕೆಳಗೆ ನುಗ್ಗಬೇಡಿ ದಯವಿಟ್ಟು, ಕಾರಿನ ಭಾರ ಹೊರೋ ಸ್ಟ್ಯಾಂಡ್ ಕೊಡಲೇಬೇಕು. ಹೊಸದನ್ನ ಕೂರಿಸೋ ಮುಂಚೆ ಅದರ ಬುಷ್‌ನ ಸ್ವಲ್ಪ ಹಿಂದಕ್ಕೆ ತಟ್ಟಿ, ಸಲೀಸಾಗಿ ಕೂರತ್ತೆ. ಆಮೇಲೆ ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ ಸುಮಾರು 13.5ರಿಂದ 14.7 ವೋಲ್ಟ್ ತೋರಿಸಿದ್ರೆ ಚಾರ್ಜ್ ಆಗ್ತಿದೆ ಅಂತ ಲೆಕ್ಕ.