ಉತ್ತರ ಕನ್ನಡದ ಸಾರ್ವಜನಿಕ ಗ್ರಂಥಾಲಯಗಳ ಪರವಾಗಿ ಓದುಗರು ಏನು ಮಾಡಬಹುದು?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳಿವೆ. ಶಿರಸಿ ಸಮೀಪದ ನಿಮ್ಮ ಊರಿನ ಗ್ರಂಥಾಲಯಕ್ಕೆ ಪತ್ರಿಕೆಗಳು ಬರುವುದು ಕಡಿಮೆಯಾಗಿದೆ, ಹೊಸ ಪುಸ್ತಕಗಳೂ ಬರುತ್ತಿಲ್ಲ, ಇದನ್ನು ಯಾರಲ್ಲಿ ಕೇಳಬೇಕು ಎಂಬುದು ಒಂದು. ಜಿಲ್ಲೆಯ ಗ್ರಂಥಾಲಯಗಳ ಸುದ್ದಿ ಒಂದರಿಂದ ಇನ್ನೊಂದಕ್ಕೆ ತಲುಪುವಂತೆ ಮಾಡುವುದು ಹೇಗೆ ಎಂಬುದು ಇನ್ನೊಂದು. ಕುಮಟಾದಲ್ಲಿದ್ದುಕೊಂಡು ಕರಾವಳಿಯ ಮತ್ತು ಘಟ್ಟದ ಮೇಲಿನ ಹಲವು ಗ್ರಂಥಾಲಯಗಳಿಗೆ ಹೋಗಿಬರುವ ಓದುಗನಾದ ನನಗೆ ಎರಡನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಆದರೆ ಮೊದಲನೆಯದನ್ನು ಬಿಡಿಸಿಕೊಳ್ಳದೆ ಅಲ್ಲಿಗೆ ಹೋಗಲಾಗುವುದಿಲ್ಲ.

ನಿಮ್ಮ ಗ್ರಂಥಾಲಯ ಯಾರ ಅಧೀನದಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯ ಹಾಗೂ ಪಟ್ಟಣಗಳಲ್ಲಿರುವ ಅದರ ಶಾಖೆಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿವೆ. ಹಳ್ಳಿಗಳ ಗ್ರಂಥಾಲಯಗಳು ಹಿಂದೆ ಅದೇ ಇಲಾಖೆಯಲ್ಲಿದ್ದವಾದರೂ 2019ರಲ್ಲಿ ರಾಜ್ಯದ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯತ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ಇದು ಅನೇಕರಿಗೆ ಇನ್ನೂ ತಿಳಿದಿಲ್ಲವಾದ್ದರಿಂದ ಹಳ್ಳಿಯ ಗ್ರಂಥಾಲಯದ ಬಗೆಗಿನ ಮನವಿಗಳು ಕಾರವಾರಕ್ಕೆ ಹೋಗಿ, ಅಲ್ಲಿಂದ ತಾಲೂಕಿಗೆ ಬಂದು, ಕೊನೆಗೆ ಯಾವುದೋ ಕಡತದಲ್ಲಿ ಉಳಿದುಬಿಡುತ್ತವೆ. ನಿಮ್ಮದು ಹಳ್ಳಿಯ ಗ್ರಂಥಾಲಯವಾದ್ದರಿಂದ ನಿಮ್ಮ ಮನವಿ ಹೋಗಬೇಕಾದದ್ದು ಪಂಚಾಯತದ ಅಧ್ಯಕ್ಷರಿಗೆ ಮತ್ತು ಪಂಚಾಯತ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ).

ಇನ್ನು ಹಣದ ವಿಷಯ. ಗ್ರಂಥಾಲಯದ ಪರವಾಗಿ ಮಾತನಾಡುವವರು ಇದನ್ನು ಚೆನ್ನಾಗಿ ಅರಿತಿರಲೇಬೇಕು. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಉಪಕರ ವಿಧಿಸಲಾಗುತ್ತದೆ. ಈಗ ಅದರ ದರ ಶೇ. 6. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು 120 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಟ್ಟಿರುತ್ತಾರೆ. ತೆರಿಗೆಯ ರಸೀದಿಯಲ್ಲಿ ಆರೋಗ್ಯ ಉಪಕರ, ಭಿಕ್ಷುಕರ ಉಪಕರಗಳ ಪಕ್ಕದಲ್ಲಿ ಇದನ್ನೂ ನಮೂದಿಸಿರುತ್ತಾರೆ, ಒಮ್ಮೆ ತೆಗೆದು ನೋಡಿ. ಪಟ್ಟಣಗಳಲ್ಲಿ ಈ ಹಣವನ್ನು ವಸೂಲು ಮಾಡುವುದು ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯತ. ವಸೂಲಾದದ್ದನ್ನು ಅವು ಗ್ರಂಥಾಲಯ ಪ್ರಾಧಿಕಾರಕ್ಕೆ ಪಾವತಿಸಬೇಕು. ಆ ಪಾವತಿ ಬಾಕಿ ಉಳಿಯುವುದು ರಾಜ್ಯದ ಗ್ರಂಥಾಲಯಗಳಿಗೆ ಅಂಟಿಕೊಂಡಿರುವ ಹಳೆಯ ರೋಗ. ಹೀಗಿರುವಾಗ ದಿನಪತ್ರಿಕೆಗಾಗಿ ಮನವಿ ಸಲ್ಲಿಸುವ ಓದುಗ ಯಾರಲ್ಲಿಯೂ ದಾನ ಬೇಡುತ್ತಿಲ್ಲ, ತಾನು ಈಗಾಗಲೇ ಕಟ್ಟಿದ ಹಣದ ಲೆಕ್ಕ ಕೇಳುತ್ತಿದ್ದಾನೆ. ಮನವಿಯ ಧಾಟಿಯೂ ಹಾಗೆಯೇ ಇರಲಿ.

ಕೇಳುವ ಕ್ರಮ ಸರಳವಾಗಿದೆ. ಗ್ರಾಮಸಭೆ ವರ್ಷಕ್ಕೆ ಎರಡು ಬಾರಿಯಾದರೂ ನಡೆಯಬೇಕು. ಅಲ್ಲಿ ಜಮಾ-ಖರ್ಚು ಓದುವಾಗ ಎದ್ದು ನಿಂತು, ಕಳೆದ ವರ್ಷ ಗ್ರಂಥಾಲಯ ಉಪಕರವೆಂದು ಎಷ್ಟು ಜಮೆಯಾಯಿತು, ಗ್ರಂಥಾಲಯಕ್ಕೆಂದು ಎಷ್ಟು ಖರ್ಚಾಯಿತು ಎಂಬ ಎರಡೇ ಅಂಕಿಗಳನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ. ಪತ್ರಿಕೆಗಳಿಗೂ ಪುಸ್ತಕಗಳಿಗೂ ಬೇರೆ ಬೇರೆಯಾಗಿ ಮೊತ್ತ ಹೇಳಿ ಠರಾವು ಮಾಡಿಸಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ; ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಆದರೆ ಅರ್ಜಿಯಿಂದಲೇ ಆರಂಭಿಸಬೇಡಿ ಎಂಬುದು ನನ್ನ ಸಲಹೆ, ಏಕೆಂದರೆ ಸಣ್ಣ ಊರುಗಳಲ್ಲಿ ಅದು ಜಗಳದ ಮೊದಲ ಹೆಜ್ಜೆಯಂತೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಗ್ರಂಥಾಲಯದಲ್ಲಿ ಪತ್ರಿಕೆ ಇಲ್ಲ, ಬಾಗಿಲು ಬೇಗ ಹಾಕುತ್ತಾರೆ ಎಂದು ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದರೆ ಅದರ ಪೆಟ್ಟು ಮೊದಲು ಬೀಳುವುದು ಮೇಲ್ವಿಚಾರಕರ ಮೇಲೆ. ಅವರು ಹೆಚ್ಚಿನ ಕಡೆಗಳಲ್ಲಿ ಒಬ್ಬರೇ ಇದ್ದು, ಕಸ ಗುಡಿಸುವುದರಿಂದ ಹಿಡಿದು ಮಕ್ಕಳ ಸದಸ್ಯತ್ವ ಬರೆಯುವವರೆಗಿನ ಎಲ್ಲವನ್ನೂ ಮಾಡುತ್ತಾರೆ. ಹಣ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ, ತಮ್ಮ ಕಷ್ಟವನ್ನು ಬಹಿರಂಗವಾಗಿ ಹೇಳುವ ಸ್ವಾತಂತ್ರ್ಯವೂ ಅಷ್ಟಕ್ಕಷ್ಟೆ. ಆದ್ದರಿಂದ ಬರೆಯುವ ಮುನ್ನ ಅವರೊಂದಿಗೆ ಕುಳಿತು ಮಾತನಾಡಿ. ಅವರ ಗೌರವಧನದ ಮತ್ತು ಕೆಲಸದ ವೇಳೆಯ ಪ್ರಶ್ನೆಗಳೂ ಓದುಗರ ಬೇಡಿಕೆಯ ಭಾಗವಾಗಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ಸುದ್ದಿಯ ವಿಷಯಕ್ಕೆ ಬರುತ್ತೇನೆ. ಕೇರಳದಲ್ಲಿ 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು 47 ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಅಲ್ಲಿನ ಗ್ರಂಥಾಲಯ ಚಳವಳಿಗೆ ಬಂದ ಬಲದಲ್ಲಿ ಹಳ್ಳಿಯ ಗ್ರಂಥಾಲಯಗಳು ಹೀಗೆ ಒಂದನ್ನೊಂದು ಅರಿತುಕೊಂಡದ್ದರ ಪಾಲು ದೊಡ್ಡದು. ನಮ್ಮ ಜಿಲ್ಲೆಯಲ್ಲಿ ಓದಿನ ಆಸಕ್ತಿಗೆ ಕೊರತೆಯಿಲ್ಲ; ಸರಕಾರದ ನೆರವಿಲ್ಲದೆ ಬೆಳೆದ ಗೋಕರ್ಣದ ಸ್ಟಡಿ ಸರ್ಕಲ್‌ನಂತಹ ಪುಸ್ತಕ ಭಂಡಾರ ನಮ್ಮಲ್ಲೇ ಇದೆ. ಕೊರತೆಯಿರುವುದು ಪರಸ್ಪರ ಪರಿಚಯದಲ್ಲಿ. ಭಟ್ಕಳದವರು ಮಾಡಿಸಿಕೊಂಡದ್ದು ಹಳಿಯಾಳದವರಿಗೆ ತಿಳಿಯುವುದಿಲ್ಲ, ಜೋಯಿಡಾದವರ ಕಷ್ಟ ಹೊನ್ನಾವರಕ್ಕೆ ಕೇಳುವುದಿಲ್ಲ. ಒಂದು ಪಂಚಾಯತದಲ್ಲಿ ಗ್ರಂಥಾಲಯದ ವೇಳೆಯನ್ನು ಶಾಲೆ ಬಿಡುವ ಹೊತ್ತಿಗೆ ಹೊಂದಿಸಿದ ಠರಾವು ಆಗಿದ್ದರೆ, ಅದರ ಪ್ರತಿ ಪಕ್ಕದ ಪಂಚಾಯತದ ಓದುಗನ ಕೈಯಲ್ಲಿ ಸಾಕಷ್ಟು ಕೆಲಸ ಮಾಡುತ್ತದೆ, ಏಕೆಂದರೆ ಹೀಗೆ ಮಾಡಲು ಅವಕಾಶವಿಲ್ಲ ಎಂಬ ಉತ್ತರ ಆಗ ನಿಲ್ಲುವುದಿಲ್ಲ.

ಆದ್ದರಿಂದ ತಿಂಗಳಿಗೊಮ್ಮೆ ಒಂದು ಪುಟದ ಸುದ್ದಿಪತ್ರ ಹೊರಡಿಸಿ ಎಂದು ಹೇಳುತ್ತೇನೆ. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಬಹುದು, ಆದರೆ ಒಂದು ಮುದ್ರಿತ ಪ್ರತಿಯನ್ನು ಪ್ರತಿ ಗ್ರಂಥಾಲಯದ ಫಲಕಕ್ಕೆ ಅಂಟಿಸಲೇಬೇಕು. ಜೋಯಿಡಾದ ಕಾಡಿನ ಊರುಗಳಲ್ಲಿ ಮತ್ತು ಸಿದ್ದಾಪುರದ ಕಣಿವೆಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಸರಕಾರದ ಡಿಜಿಟಲ್ ಗ್ರಂಥಾಲಯವನ್ನು ನಾನು ಮನಸಾರೆ ಸ್ವಾಗತಿಸುತ್ತೇನಾದರೂ ಅದನ್ನು ತೋರಿಸಿ ಪುಸ್ತಕ ಖರೀದಿ ನಿಲ್ಲಿಸುವುದನ್ನು ಇದೇ ಕಾರಣಕ್ಕೆ ಒಪ್ಪಲಾರೆ. ಸುದ್ದಿಪತ್ರದಲ್ಲಿ ಉಪನ್ಯಾಸ, ಸನ್ಮಾನಗಳ ವರದಿ ಕಡಿಮೆಯಿರಲಿ. ಯಾವ ಪಂಚಾಯತ ಎಷ್ಟು ಹಣ ಇಟ್ಟಿತು, ಯಾವ ಊರಿನಲ್ಲಿ ಯಾವ ಪತ್ರಿಕೆ ನಿಂತಿತು, ಮಳೆಗಾಲಕ್ಕೆ ಮೊದಲು ಎಲ್ಲಿ ಹಂಚು ಸರಿಪಡಿಸಿದರು ಎಂಬುದು ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಗಳೇ ಬೆವರುತ್ತವೆ. ಗೋಡೆಗೆ ತಾಗಿಸಿಟ್ಟ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತದೆ, ನೆಲಕ್ಕೆ ಹತ್ತಿರದ ಅರೆಗೆ ಒರಲೆ ಏರುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದು, ಕೆಳಗಿನ ಅರೆಯನ್ನು ಖಾಲಿ ಬಿಟ್ಟು ಪುಸ್ತಕ ಉಳಿಸಿಕೊಂಡ ಮೇಲ್ವಿಚಾರಕರ ಅನುಭವ ಜಿಲ್ಲೆಗೆಲ್ಲ ತಿಳಿಯಬೇಕಾದ ಸುದ್ದಿ. ಅಂಥವನ್ನು ಶಿರಸಿಯ ಲೋಕಧ್ವನಿಗೆ, ಕಾರವಾರದ ಕರಾವಳಿ ಮುಂಜಾವಿಗೆ ಚಿಕ್ಕ ವರದಿಯಾಗಿಯೂ ಕಳಿಸಿ.

ಸಮಯದ ಬಗ್ಗೆ ಕೊನೆಯದಾಗಿ ಒಂದು ಮಾತು. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮಕ್ಕಳ ಗ್ರಾಮಸಭೆಗಳೂ ಹೆಚ್ಚಾಗಿ ಅದೇ ತಿಂಗಳಲ್ಲಿ ನಡೆಯುತ್ತವೆ. ತಮಗೆ ಬೇಕಾದ ಪುಸ್ತಕಗಳ ಪಟ್ಟಿಯನ್ನು ಮಕ್ಕಳೇ ಅಲ್ಲಿ ಓದಿ ಹೇಳಲಿ. ಪಂಚಾಯತಗಳು ಮುಂದಿನ ವರ್ಷದ ಆಯವ್ಯಯ ಸಿದ್ಧಪಡಿಸುವುದು ಮಾರ್ಚ್‌ಗೆ ಮುಂಚೆ. ಆದ್ದರಿಂದ ಆ ಪಟ್ಟಿಯನ್ನೂ ಉಪಕರದ ಲೆಕ್ಕವನ್ನೂ ಸೇರಿಸಿದ ಮನವಿಯನ್ನು ಡಿಸೆಂಬರ್‌ನಲ್ಲೇ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಅದರ ಪ್ರತಿಯನ್ನು ಮೊದಲ ಸುದ್ದಿಪತ್ರದಲ್ಲಿ ಅಚ್ಚು ಹಾಕಿ. ಕುಮಟಾ ಕಡೆಯ ಗ್ರಂಥಾಲಯಗಳ ಫಲಕಕ್ಕೆ ಅದನ್ನು ಅಂಟಿಸುವ ಕೆಲಸ ನನಗಿರಲಿ.